ಅರಳು ಮರಳು ಅನ್ನುವ ಮೊದಲು ಮಾತ್ರೆ ಚೀಲ ನೋಡಿ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದೆವು. "ಔಷಧಿ ಹೊಡೆಯೋಕೆ ಕೊನೆಗಾರ ಬಂದ್ನಾ?" ಎಂದು ದೊಡ್ಡಪ್ಪ ಕೇಳಿದರು. ಕೊನೆಗಾರ ಅಂದರೆ ಅಡಿಕೆ ಮರ ಹತ್ತಿ ಕೆಲಸ ಮಾಡುವವನು. ಮಳೆ ಹೊಳವಾದರೆ ನಾಳೆ ಬರುತ್ತಾನಂತೆ ಎಂದೆ. ಕಾಲು ಗಂಟೆ ಆಗಿರಲಿಲ್ಲ, ಮತ್ತೆ ಅದೇ ಪ್ರಶ್ನೆ. ಊಟಕ್ಕೆ ಕೂತಾಗ ಮೂರನೇ ಸಲ.

ದೊಡ್ಡಪ್ಪನಿಗೆ 74 ವರ್ಷ. ಕಣ್ಣು ಮುಚ್ಚಿಸಿ ಕೈಗೆ ಅಡಿಕೆ ಕೊಟ್ಟರೂ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಹೇಳುವವರು. ಮಂಡಿಗೆ ಎಷ್ಟು ಚೀಲ ಹೋಯಿತು, ಯಾವ ವರ್ಷ ಏನು ಧಾರಣೆ ಇತ್ತು ಎನ್ನುವುದೆಲ್ಲ ಬಾಯಲ್ಲೇ ಇರುತ್ತಿತ್ತು. ಅಂಥವರು ಮೂರೇ ತಿಂಗಳಲ್ಲಿ ಬೇರೆಯವರ ಹಾಗೆ ಆಗಿಬಿಟ್ಟಿದ್ದರು. ಪಂಪ್ ಹಾಕಿ ಮರೆಯುತ್ತಿದ್ದರು. ಮಾತಿನ ಮಧ್ಯೆ ಎಳೆ ತಪ್ಪುತ್ತಿತ್ತು. ಸಂಜೆ ಹೊತ್ತು ಮಂಕಾಗಿ ಕೂತುಬಿಡುತ್ತಿದ್ದರು. ನೆಂಟರೆಲ್ಲ ಹೇಳಿದ್ದು ಒಂದೇ ಮಾತು: ಅರವತ್ತಕ್ಕೆ ಅರಳು ಮರಳು, ಇವರಿಗೆ ಎಪ್ಪತ್ತು ದಾಟಿದೆ, ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಒಪ್ಪದೇ ಇದ್ದದ್ದು ಅವರ ಮಗಳು, ನಮ್ಮ ಅಕ್ಕ. ಅವಳು ಶಿವಮೊಗ್ಗದಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಊರಿಗೆ ಬಂದವಳು ಗೋಡೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲ ಇಳಿಸಿ, ಒಳಗಿದ್ದ ಮಾತ್ರೆಯ ಶೀಟುಗಳನ್ನೆಲ್ಲ ಚಾಪೆಯ ಮೇಲೆ ಸುರಿದಳು. "ಅಪ್ಪಯ್ಯ, ಇದು ಯಾವುದಕ್ಕೆ? ಇದು ಯಾವಾಗಿಂದ?" ಎಂದು ಒಂದೊಂದೇ ಕೇಳಿದಳು. ಬಿಪಿ, ಶುಗರಿನ ಮಾತ್ರೆ ಬಿಟ್ಟು ಇನ್ನೂ ಮೂರು ಇದ್ದವು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಾರೆ ಎಂದು ಒಬ್ಬ ಡಾಕ್ಟರು ಕೊಟ್ಟದ್ದು ಆಕ್ಸಿಬ್ಯುಟಿನಿನ್. ಅಂಗಾಲು ಉರಿಗೆ ಇನ್ನೊಬ್ಬರು ಕೊಟ್ಟದ್ದು ಅಮಿಟ್ರಿಪ್ಟಿಲಿನ್. ಮಳೆಗಾಲದ ಶೀತಕ್ಕೆ ಅಂಗಡಿಯಿಂದ ಸುಮ್ನೆ ತರಿಸಿಕೊಂಡು ದಿನಾ ರಾತ್ರಿ ನುಂಗುತ್ತಿದ್ದದ್ದು ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ.

ಮೂರೂ ಬೇರೆ ಬೇರೆ ಕಾಯಿಲೆಗೆ ಕೊಡುವ ಔಷಧಿಗಳು. ಕೊಟ್ಟ ಡಾಕ್ಟರುಗಳಲ್ಲಿ ಒಬ್ಬರಿಗೆ ಇನ್ನೊಬ್ಬರು ಏನು ಕೊಟ್ಟಿದ್ದಾರೆ ಎಂದು ಗೊತ್ತಿರಲಿಲ್ಲ. ಆದರೆ ಮೆದುಳಿಗೆ ಹೋದ ಮೇಲೆ ಮೂರೂ ಮಾಡುವ ಕೆಲಸ ಒಂದೇ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ದಾರಿಗೆ ಅಡ್ಡ ನಿಲ್ಲುವುದು.

ಡೋಪಮಿನ್ ಹೆಸರನ್ನು ಈಗ ಎಲ್ಲರೂ ಹೇಳುತ್ತಾರೆ. ಮೊಬೈಲು, ರೀಲ್ಸು, ಚಟ ಎಲ್ಲದಕ್ಕೂ ಅದೇ ಕಾರಣ. ಆದರೆ ಗಮನ ಮತ್ತು ನೆನಪು ಇವೆರಡರಲ್ಲೂ ಅಷ್ಟೇ ದೊಡ್ಡ ಪಾಲು ಇರುವ ಅಸಿಟೈಲ್‌ಕೋಲಿನ್ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ವಯಸ್ಸಾದವರು ಇರುವ ಮನೆಯವರಾದರೂ ಇದನ್ನು ತಿಳಿದುಕೊಳ್ಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಮಲೆನಾಡಿನವರಿಗಂತೂ ಇದು ದೂರದ ವಿಷಯವೇ ಅಲ್ಲ. ನಮ್ಮ ಅಡಿಕೆ, ಬೇಲಿ ಬದಿಯ ಉಮ್ಮತ್ತಿ, ಕೊಟ್ಟಿಗೆಯ ಅಟ್ಟದಲ್ಲಿಟ್ಟ ಕೀಟನಾಶಕದ ಡಬ್ಬಿ, ಈ ಮೂರೂ ಇದೇ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ.

ಎರಡು ಕಪ್ಪೆಯ ಹೃದಯ

ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ? ಕರೆಂಟಿನ ಹಾಗೆ ನೇರವಾಗಿ ಹರಿಯುತ್ತದೆಯೋ, ನಡುವೆ ಯಾವುದಾದರೂ ರಾಸಾಯನಿಕ ಇದೆಯೋ? ನೂರು ವರ್ಷದ ಹಿಂದೆ ವಿಜ್ಞಾನಿಗಳ ನಡುವೆ ಇದು ದೊಡ್ಡ ವಾದವಾಗಿತ್ತು. ಆಸ್ಟ್ರಿಯಾದ ಗ್ರಾಜ್ ಊರಲ್ಲಿದ್ದ ಒಟ್ಟೊ ಲೋವಿಗೆ ಒಂದು ರಾತ್ರಿ ಕನಸಿನಲ್ಲಿ ಇದನ್ನು ಪರೀಕ್ಷಿಸುವ ದಾರಿ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮತ್ತೆ ಮಲಗಿದರು. ಬೆಳಿಗ್ಗೆ ನೋಡಿದರೆ ಬರೆದದ್ದು ಓದಲಿಕ್ಕೇ ಆಗಲಿಲ್ಲ, ಕನಸೂ ನೆನಪಿರಲಿಲ್ಲ. ಮರುದಿನ ರಾತ್ರಿ ಅದೇ ಯೋಚನೆ ಮತ್ತೆ ಬಂತು. ಈ ಸಲ ಅವರು ಬೆಳಗಾಗುವುದನ್ನು ಕಾಯಲಿಲ್ಲ, ನೇರ ಪ್ರಯೋಗಾಲಯಕ್ಕೆ ಹೋದರು.

ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಂಥ ದ್ರವದಲ್ಲಿ ಬಡಿಯುತ್ತಿರುವಂತೆ ಇಟ್ಟರು. ಮೊದಲನೆಯದಕ್ಕೆ ಮೆದುಳಿನಿಂದ ಬರುವ ವೇಗಸ್ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತ ಇದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದರು. ನರವನ್ನು ಮುಟ್ಟದೆಯೇ ಅದರ ಬಡಿತವೂ ನಿಧಾನವಾಯಿತು! ಅಂದರೆ ಮೊದಲ ಹೃದಯದ ನರ ಆ ದ್ರವದಲ್ಲಿ ಏನನ್ನೋ ಬಿಟ್ಟಿತ್ತು. ಲೋವಿ ಇದನ್ನು 1921ರಲ್ಲಿ ಪ್ರಕಟಿಸಿದರು. ಆ 'ಏನೋ' ಅಸಿಟೈಲ್‌ಕೋಲಿನ್ ಎಂದು ಆಮೇಲೆ ಖಚಿತವಾಯಿತು. 1936ರಲ್ಲಿ ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಂತು.

ಮೈಯಲ್ಲಿ ಇದರ ಕೆಲಸ ಒಂದೆರಡಲ್ಲ. ಸ್ನಾಯು ಅಲುಗಾಡುವುದು, ಜೊಲ್ಲು ಬರುವುದು, ಕರುಳು ಚಲಿಸುವುದು, ಮೂತ್ರಕೋಶ ಹಿಂಡುವುದು ಎಲ್ಲಕ್ಕೂ ಬೇಕು. ಹಾಗಾಗಿಯೇ ಮೂತ್ರದ ಮಾತ್ರೆ ಇದನ್ನು ತಡೆಯುತ್ತದೆ. ಕಷ್ಟ ಏನೆಂದರೆ ಅಂಥ ಮಾತ್ರೆಗಳಲ್ಲಿ ಹಲವು ಮೂತ್ರಕೋಶದ ಹತ್ತಿರ ನಿಲ್ಲುವುದಿಲ್ಲ. ರಕ್ತದ ಜೊತೆ ಮೆದುಳಿಗೂ ಹೋಗುತ್ತವೆ.

ಕೆಲವು ಲಕ್ಷ ಕೋಶ, ಇಡೀ ಮೆದುಳಿಗೆ ನೀರು

ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಹಣೆಯ ಹಿಂದೆ, ಮೆದುಳಿನ ಬುಡದ ಕಡೆ ಒಂದು ಚಿಕ್ಕ ಗುಂಪು ಇದೆ. ಮೇನೆರ್ಟ್ ಎಂಬ ವೈದ್ಯರ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಕೆಲವು ಲಕ್ಷ ಕೋಶ ಇದ್ದೀತು, ಅಷ್ಟೇ. ಆದರೆ ಮೆದುಳಿನ ಮೇಲ್ಪದರಕ್ಕೆಲ್ಲ ಅಸಿಟೈಲ್‌ಕೋಲಿನ್ ಹೋಗುವುದು ಹೆಚ್ಚಾಗಿ ಇಲ್ಲಿಂದಲೇ. ಪಕ್ಕದ ಇನ್ನೊಂದು ಗುಂಪು ಹಿಪೊಕ್ಯಾಂಪಸ್‌ಗೆ ಕಳಿಸುತ್ತದೆ. ಹೊಸ ನೆನಪು ಮೊದಲು ಕಟ್ಟಿಕೊಳ್ಳುವ ಜಾಗ ಅದು.

ಇಂಥ ಒಂದೊಂದು ಕೋಶದ ಎಳೆಯೂ ಕವಲೊಡೆದು ಕವಲೊಡೆದು ಹರಡಿರುತ್ತದೆ. ಎಲ್ಲ ಕವಲು ಕೂಡಿಸಿದರೆ ಮನುಷ್ಯನಲ್ಲಿ ಒಂದೇ ಕೋಶದ ಎಳೆ 100 ಮೀಟರಿಗೂ ಜಾಸ್ತಿ ಆಗುತ್ತದೆ ಎಂದು 2014ರ ಒಂದು ಅಧ್ಯಯನ ಅಂದಾಜು ಮಾಡಿದೆ. ಇದನ್ನು ಓದಿದಾಗ ನನಗೆ ನಮ್ಮ ಅಬ್ಬಿ ನೀರು ನೆನಪಾಯಿತು. ಗುಡ್ಡದ ಮೇಲೆ ಒಂದೇ ಒಂದು ಸಣ್ಣ ಒರತೆ. ಅಲ್ಲಿಂದ ಪೈಪಿನಲ್ಲಿ ಬಂದ ನೀರು ಮನೆಗೂ ಕೊಟ್ಟಿಗೆಗೂ ಇಡೀ ತೋಟಕ್ಕೂ ಆಗಬೇಕು. ಒರತೆ ಸ್ವಲ್ಪ ಸೊರಗಿದರೂ ಕೆಳಗೆ ಎಲ್ಲ ಕಡೆ ಗೊತ್ತಾಗುತ್ತದೆ. ಅಷ್ಟು ಉದ್ದದ ಎಳೆಯನ್ನು ಸಾಕುವ ಕೋಶಕ್ಕೆ ಶಕ್ತಿ ಜಾಸ್ತಿ ಬೇಕು. ವಯಸ್ಸಾದಾಗ, ಕಾಯಿಲೆ ಬಂದಾಗ ಈ ಕೋಶಗಳು ಬೇಗ ಸೊರಗುವುದಕ್ಕೆ ಇದೂ ಒಂದು ಕಾರಣ ಎಂದು ವಿಜ್ಞಾನಿಗಳು ಯೋಚಿಸುತ್ತಾರೆ.

ಹಾಗಾದರೆ ಗಮನಕ್ಕೆ ಇದು ಹೇಗೆ ಸಹಾಯ ಮಾಡುತ್ತದೆ? ಆಷಾಢದ ಮಳೆಯಲ್ಲಿ ಹೆಂಚಿನ ಮನೆಯೊಳಗೆ ಕೂತು ಭದ್ರಾವತಿ ಆಕಾಶವಾಣಿ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಯ ಸದ್ದು, ರೇಡಿಯೋ ಸದ್ದು ಎರಡೂ ಕಿವಿಗೆ ಬೀಳುತ್ತಿರುತ್ತವೆ. ಆದರೆ ಅಡಿಕೆ ಧಾರಣೆ ಹೇಳಲು ಶುರು ಮಾಡಿದ ಕೂಡಲೇ ಮಳೆಯ ಸದ್ದು ಹಿಂದೆ ಸರಿದು ಮಾತು ಮುಂದೆ ಬರುತ್ತದೆ. ಕಿವಿ ಬದಲಾಗಿಲ್ಲ, ರೇಡಿಯೋ ಜೋರಾಗಿಲ್ಲ. ಬದಲಾದದ್ದು ಮೆದುಳು. ಆ ಹೊತ್ತಿನಲ್ಲಿ ಬಿಡುಗಡೆಯಾಗುವ ಅಸಿಟೈಲ್‌ಕೋಲಿನ್ ಎರಡು ಕೆಲಸ ಮಾಡುತ್ತದೆ. ಹೊರಗಿನಿಂದ ಬರುವ ಸುದ್ದಿಗೆ ಬಲ ಕೊಡುತ್ತದೆ. ಮೆದುಳು ತನ್ನೊಳಗೇ ಆಡಿಕೊಳ್ಳುವ ಹಳೆಯ ಮಾತನ್ನು ತಗ್ಗಿಸುತ್ತದೆ.

1998ರಲ್ಲಿ ಅಮೆರಿಕದ ಕಿಲ್ಗಾರ್ಡ್ ಮತ್ತು ಮರ್ಜೆನಿಕ್ ಎಂಬ ಇಬ್ಬರು ಇದನ್ನು ಇಲಿಗಳಲ್ಲಿ ತೋರಿಸಿದರು. ಒಂದು ನಿರ್ದಿಷ್ಟ ಸ್ವರ ಕೇಳಿಸುವಾಗಲೆಲ್ಲ ಮೇನೆರ್ಟ್ ಹೆಸರಿನ ಆ ಚಿಕ್ಕ ಗುಂಪನ್ನು ಕರೆಂಟಿನಿಂದ ಎಬ್ಬಿಸಿದರು. ಕೆಲವು ವಾರಗಳಲ್ಲಿ ಇಲಿಯ ಮೆದುಳಿನಲ್ಲಿ ಆ ಸ್ವರಕ್ಕೆ ಮೀಸಲಾದ ಜಾಗವೇ ದೊಡ್ಡದಾಗಿತ್ತು. ಬರೀ ಸ್ವರ ಕೇಳಿಸಿದ್ದರೆ ಹೀಗಾಗುತ್ತಿರಲಿಲ್ಲ. ಯಾವುದು ಮುಖ್ಯ, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಮೆದುಳಿಗೆ ಗುರುತು ಹಾಕಿಕೊಡುವುದು ಈ ರಾಸಾಯನಿಕ. ಗಮನ ಕೊಡದೆ ಕೇಳಿದ್ದು ನೆನಪಿನಲ್ಲಿ ಉಳಿಯದೇ ಇರುವುದು ಇದರಿಂದಲೇ. ದೊಡ್ಡಪ್ಪ ನನ್ನ ಉತ್ತರ ಮರೆತರು ಅನ್ನುವುದಕ್ಕಿಂತ ಅದು ಅವರೊಳಗೆ ಬರೆದುಕೊಳ್ಳಲೇ ಇಲ್ಲ ಅನ್ನುವುದು ಹೆಚ್ಚು ಸರಿ. ನಲವತ್ತು ವರ್ಷದ ಹಿಂದಿನ ಧಾರಣೆ ಆಗಲೂ ಅವರ ಬಾಯಲ್ಲಿತ್ತು. ಅದು ಎಂದೋ ಗಟ್ಟಿಯಾಗಿ ಕೂತದ್ದು.

ನಿದ್ದೆಯ ವಿಷಯ ಇಲ್ಲಿ ಬಹಳ ಚೆನ್ನಾಗಿದೆ. ಎಚ್ಚರದಲ್ಲಿ ಅಸಿಟೈಲ್‌ಕೋಲಿನ್ ಮಟ್ಟ ಎತ್ತರದಲ್ಲಿರುತ್ತದೆ, ಅದು ಬರೆದುಕೊಳ್ಳುವ ಹೊತ್ತು. ಗಾಢ ನಿದ್ದೆಯಲ್ಲಿ ಕೆಳಗಿಳಿಯುತ್ತದೆ. ಆಗ ಹಿಪೊಕ್ಯಾಂಪಸ್ ತಾನು ಹಗಲು ಬರೆದದ್ದನ್ನು ಮೇಲ್ಪದರಕ್ಕೆ ದಾಟಿಸುತ್ತದೆ. ಕೊಯ್ಲಿನ ದಿನ ಅಡಿಕೆ ಸುಲಿದು ರಾಶಿ ಹಾಕುತ್ತೇವೆ, ಬೇಯಿಸಿ ಒಣಗಿಸಿ ಚೀಲಕ್ಕೆ ತುಂಬುವುದು ಆಮೇಲಿನ ಕೆಲಸ, ಹಾಗೆ. 2004ರಲ್ಲಿ ಜರ್ಮನಿಯ ಗೈಸ್ ಮತ್ತು ಬಾರ್ನ್ ಎಂಬ ವಿಜ್ಞಾನಿಗಳು ಗಾಢ ನಿದ್ದೆಯ ಹೊತ್ತಿನಲ್ಲಿ ಔಷಧಿ ಕೊಟ್ಟು ಅಸಿಟೈಲ್‌ಕೋಲಿನ್ ಇಳಿಯದಂತೆ ಮಾಡಿದರು. ಮಲಗುವ ಮೊದಲು ಕಲಿತ ಪದಗಳು ಆ ಜನರಿಗೆ ಗಟ್ಟಿಯಾಗಿ ಉಳಿಯಲಿಲ್ಲ. ಅಂದರೆ ಇದು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ. ಹೊತ್ತಿಗೆ ತಕ್ಕಂತೆ ಏರಬೇಕು, ಇಳಿಯಬೇಕು. ಪಿಯುಸಿ ಪರೀಕ್ಷೆ ಬಂತೆಂದು ರಾತ್ರಿ ಎರಡು ಗಂಟೆವರೆಗೆ ಮಕ್ಕಳನ್ನು ಓದಿಗೆ ಕೂರಿಸುವ ಅಪ್ಪ ಅಮ್ಮ ಇದನ್ನು ದಯವಿಟ್ಟು ಯೋಚಿಸಬೇಕು.

ಉಮ್ಮತ್ತಿಯ ಕಾಯಿ

ಶಿವರಾತ್ರಿಗೆ ಉಮ್ಮತ್ತಿ ಹೂ ಇಡುತ್ತೇವೆ. ಅದರ ಕಾಯಿ ಬಾಯಿಗೆ ಹಾಕಬೇಡಿ, ತಲೆ ಕೆಡುತ್ತದೆ ಎಂದು ಚಿಕ್ಕಂದಿನಲ್ಲಿ ಅಜ್ಜಿ ಹೆದರಿಸುತ್ತಿದ್ದರು. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಉಮ್ಮತ್ತಿಯಲ್ಲಿ ಅಟ್ರೋಪಿನ್, ಸ್ಕೋಪೊಲಮಿನ್ ಎಂಬ ವಸ್ತುಗಳಿವೆ. ಅಸಿಟೈಲ್‌ಕೋಲಿನ್ ಹೋಗಿ ಕೂರಬೇಕಾದ ರಿಸೆಪ್ಟರು ಎಂಬ ಜಾಗಗಳ ಮೇಲೆ ಇವು ಹೋಗಿ ಕೂರುತ್ತವೆ. ಬಾಯಿ ಒಣಗುತ್ತದೆ, ಕಣ್ಣಪಾಪೆ ದೊಡ್ಡದಾಗುತ್ತದೆ, ಎದೆ ಬಡಿತ ಏರುತ್ತದೆ, ಮೂತ್ರ ಕಟ್ಟುತ್ತದೆ, ಮನುಷ್ಯ ಇಲ್ಲದ್ದನ್ನು ಕಂಡಂತೆ ಮಾತಾಡುತ್ತಾನೆ. ಜೀವಕ್ಕೂ ಅಪಾಯ.

1974ರಲ್ಲಿ ಡ್ರಾಕ್ಮನ್ ಮತ್ತು ಲೀವಿಟ್ ಎಂಬ ಸಂಶೋಧಕರು ಇದೇ ಸ್ಕೋಪೊಲಮಿನ್‌ಅನ್ನು ಆರೋಗ್ಯವಂತ ಯುವಕರಿಗೆ ಕೊಂಚ ಪ್ರಮಾಣದಲ್ಲಿ ಕೊಟ್ಟು ನೆನಪಿನ ಪರೀಕ್ಷೆ ಮಾಡಿದರು. ಅವರ ತಪ್ಪುಗಳು ವಯಸ್ಸಾದವರ ತಪ್ಪುಗಳ ಮಾದರಿಯಲ್ಲೇ ಇದ್ದವು. ಎರಡು ವರ್ಷದ ನಂತರ, ಆಲ್ಜೈಮರ್ ಕಾಯಿಲೆಯಿಂದ ತೀರಿಕೊಂಡವರ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ಬಹಳ ಕಡಿಮೆ ಇರುವುದು ಗೊತ್ತಾಯಿತು. 1982ರಲ್ಲಿ ಮೇನೆರ್ಟ್ ಗುಂಪಿನ ಕೋಶಗಳೇ ಸತ್ತಿರುವುದನ್ನು ಕಂಡರು. ಇವತ್ತು ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಮಾತ್ರೆಗಳು ಹುಟ್ಟಿದ್ದು ಈ ತಿಳಿವಳಿಕೆಯಿಂದ. ಅವು ಅಸಿಟೈಲ್‌ಕೋಲಿನ್ ಒಡೆದು ಹೋಗುವುದನ್ನು ನಿಧಾನ ಮಾಡುತ್ತವೆ. ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲ. ಕಾಯಿಲೆ ನಿಲ್ಲುವುದಿಲ್ಲ. ಸತ್ತ ಕೋಶ ತಿರುಗಿ ಬರುವುದಿಲ್ಲ.

ಈಗ ದೊಡ್ಡಪ್ಪನ ಚೀಲಕ್ಕೆ ಬನ್ನಿ. ಆಕ್ಸಿಬ್ಯುಟಿನಿನ್, ಅಮಿಟ್ರಿಪ್ಟಿಲಿನ್, ಕ್ಲೋರ್‌ಫೆನಿರಮಿನ್ ಮೂರೂ ಉಮ್ಮತ್ತಿಯ ಹಾಗೆ ಅದೇ ರಿಸೆಪ್ಟರುಗಳನ್ನು ಮುಚ್ಚುತ್ತವೆ. ಕೆಮ್ಮಿನ ಔಷಧಿಯಲ್ಲಿ ಬರುವ ಡೈಫೆನ್‌ಹೈಡ್ರಮಿನ್, ಹೊಟ್ಟೆನೋವಿಗೆ ಕೊಡುವ ಡೈಸೈಕ್ಲೋಮಿನ್, ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನವೆಗೆ ಕೊಡುವ ಹೈಡ್ರಾಕ್ಸಿಜಿನ್ ಕೂಡ ಇದೇ ಸಾಲಿಗೆ ಸೇರುತ್ತವೆ. ಮೂವತ್ತರ ಪ್ರಾಯದವನಿಗೆ ಒಂದು ಶೀತದ ಮಾತ್ರೆ ತೂಕಡಿಕೆ ತಂದರೆ ಅಷ್ಟಕ್ಕೇ ಮುಗಿಯಿತು. ಎಪ್ಪತ್ತು ದಾಟಿದವರಲ್ಲಿ ಒರತೆ ಮೊದಲೇ ಸಣ್ಣದಾಗಿದೆ. ಮೂತ್ರಪಿಂಡ, ಯಕೃತ್ತು ಔಷಧಿಯನ್ನು ಹೊರಹಾಕುವುದು ನಿಧಾನ. ಅದರ ಮೇಲೆ ಮೂರು ಮೂರು ಮಾತ್ರೆಯ ಭಾರ ಬಿದ್ದರೆ ತಲೆ ಮಂಕಾಗುವುದರಲ್ಲಿ ಆಶ್ಚರ್ಯ ಇಲ್ಲ. ಅಮೆರಿಕದ ವೃದ್ಧರ ವೈದ್ಯರ ಸಂಘ ಇಟ್ಟುಕೊಂಡಿರುವ ಬಿಯರ್ಸ್ ಪಟ್ಟಿ ಎಂಬುದಿದೆ. 1991ರಲ್ಲಿ ಮೊದಲು ಬಂದದ್ದು. ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಿಗಳ ಆ ಪಟ್ಟಿಯಲ್ಲಿ ಇವುಗಳಲ್ಲಿ ಬಹುಪಾಲು ಇವೆ.

ತಾತ್ಕಾಲಿಕ ಮಂಕಿನ ಮಾತು ಇದಾಯಿತು. ವರ್ಷಗಟ್ಟಲೆ ತಗೊಂಡರೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬರುತ್ತದೆಯೇ? 2019ರಲ್ಲಿ ಇಂಗ್ಲೆಂಡಿನಲ್ಲಿ ಡಿಮೆನ್ಷಿಯಾ ಇರುವ 58,769 ಜನರನ್ನೂ ಇಲ್ಲದ 2,25,574 ಜನರನ್ನೂ ಹೋಲಿಸಿದ ದೊಡ್ಡ ಅಧ್ಯಯನ ಬಂತು. ಈ ಬಗೆಯ ಔಷಧಿಗಳನ್ನು ತುಂಬಾ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾದ ಸಂಭವ ಸುಮಾರು ಅರ್ಧ ಪಟ್ಟು ಜಾಸ್ತಿ ಕಂಡಿತು. ಮೂತ್ರದ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಪಾರ್ಕಿನ್ಸನ್ ಮಾತ್ರೆಗಳಲ್ಲಿ ಈ ನಂಟು ಕಂಡಿತು. ಶೀತದ ಮಾತ್ರೆಗಳಲ್ಲಿ ಕಾಣಲಿಲ್ಲ. ನಂಟು ಇದೆ ಅಂದ ಮಾತ್ರಕ್ಕೆ ಮಾತ್ರೆಯೇ ಕಾರಣ ಅಂತ ಸಾಬೀತಾಗುವುದಿಲ್ಲ. ಡಿಮೆನ್ಷಿಯಾ ಒಳಗೊಳಗೇ ಶುರುವಾದಾಗ ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ, ಅದಕ್ಕೇ ಮಾತ್ರೆ ಕೊಟ್ಟಿರಲೂಬಹುದು. ಆದರೂ ಬೇರೆ ದಾರಿ ಇರುವಾಗ ಈ ಭಾರವನ್ನು ಯಾಕೆ ಹೊರಿಸಬೇಕು? ಮೂತ್ರದ ತೊಂದರೆಗೆ ಈ ರಿಸೆಪ್ಟರನ್ನು ಮುಟ್ಟದ ಮಿರಾಬೆಗ್ರಾನ್ ಎಂಬ ಔಷಧಿ ಇದೆ. ಮೆದುಳಿಗೆ ಕಷ್ಟದಿಂದ ಹೋಗುವ ಟ್ರೋಸ್ಪಿಯಂ ಇದೆ. ನೆಗಡಿಗೆ ಮಂಪರು ತರದ ಹೊಸ ಮಾತ್ರೆಗಳಿವೆ.

ಇದರಲ್ಲಿ ನನಗೆ ಅತ್ಯಂತ ಬೇಸರ ತರಿಸುವ ಸಂಗತಿ ಒಂದಿದೆ. ಮರೆವಿಗೆ ಡೊನೆಪೆಜಿಲ್ ಕೊಡುತ್ತಾರೆ. ಅದು ಅಸಿಟೈಲ್‌ಕೋಲಿನ್ ಹೆಚ್ಚಿಸುವುದರಿಂದ ಕೆಲವರಿಗೆ ಮೂತ್ರ ತಡೆಯಲು ಆಗುವುದಿಲ್ಲ. ಅದನ್ನು ಹೊಸ ಕಾಯಿಲೆ ಎಂದುಕೊಂಡು ಇನ್ನೊಬ್ಬರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಅದು ಅದೇ ಅಸಿಟೈಲ್‌ಕೋಲಿನ್ ಅನ್ನು ತಡೆಯುತ್ತದೆ. ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ. ದುಡ್ಡು ಎರಡಕ್ಕೂ ಹೋಗುತ್ತದೆ, ಮರೆವು ಮಾತ್ರ ಹಾಗೇ ಇರುತ್ತದೆ. ಇದು ಅಪರೂಪದ ಕಥೆ ಅಲ್ಲ, ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ಬಾರಿ ದಾಖಲಾದದ್ದು.

ಕೀಟನಾಶಕದ ಡಬ್ಬಿ

ಮಾತ್ರೆಯದ್ದು ಒಂದು ಕಡೆಯ ಕಥೆಯಾದರೆ, ತೋಟದ ಕಥೆ ಇದಕ್ಕೆ ಉಲ್ಟಾ. ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿಸಿದ ಕೂಡಲೇ ಒಂದು ಕಿಣ್ವ ಬಂದು ಅದನ್ನು ಒಡೆಯಬೇಕು. ಸೆಕೆಂಡಿಗೆ ಸಾವಿರಾರು ಅಣು ಒಡೆಯುವಷ್ಟು ಚುರುಕು ಆ ಕಿಣ್ವ. ಬೇರುಹುಳಕ್ಕೆ ಅಡಿಕೆ ಬುಡಕ್ಕೆ ಹಾಕುವ ಕ್ಲೋರ್‌ಪೈರಿಫಾಸ್, ಗದ್ದೆಗೆ ಹೊಡೆಯುತ್ತಿದ್ದ ಮೊನೊಕ್ರೋಟೊಫಾಸ್, ಕ್ವಿನಾಲ್‌ಫಾಸ್ ಇವೆಲ್ಲ ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹುಳ ಸಾಯುವುದು ಅದರಿಂದ. ಮನುಷ್ಯನಲ್ಲಿಯೂ ಅದೇ ಕಿಣ್ವ ಇದೆ. ವಿಷ ಏರಿದಾಗ ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತದೆ, ಕಣ್ಣಪಾಪೆ ಚುಕ್ಕಿಯಾಗುತ್ತದೆ, ಉಸಿರು ಕಟ್ಟುತ್ತದೆ. ಆಗ ಆಸ್ಪತ್ರೆಯಲ್ಲಿ ಕೊಡುವ ಮೊದಲ ಮದ್ದು ಅಟ್ರೋಪಿನ್. ಉಮ್ಮತ್ತಿಯಲ್ಲಿರುವ ಅದೇ ವಸ್ತು! ಲೆಕ್ಕ ಮಾಡಿ ಸೂಜಿಯಲ್ಲಿ ಕೊಟ್ಟಾಗ ಜೀವ ಉಳಿಸುತ್ತದೆ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಈ ಗುಂಪಿಗೆ ಸೇರಿದ್ದಲ್ಲ. ಅದು ಮೈಲುತುತ್ತ ಮತ್ತು ಸುಣ್ಣ. ಎಲೆಚುಕ್ಕೆ ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕಗಳೂ ಬೇರೆ ಬಗೆಯವು. ಎಲ್ಲವನ್ನೂ ನಾವು 'ಔಷಧಿ' ಎಂದೇ ಕರೆಯುವುದರಿಂದ ವ್ಯತ್ಯಾಸ ಮರೆತುಹೋಗುತ್ತದೆ. ಆದರೆ ಕೀಟನಾಶಕಗಳಿಗೆ ವರ್ಷಗಟ್ಟಲೆ ಮೈಯೊಡ್ಡಿದ ಕೃಷಿ ಕೆಲಸಗಾರರಲ್ಲಿ ಗಮನ ಮತ್ತು ನೆನಪು ಕುಗ್ಗಿರುವುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. 2025ರ ಮೇ ತಿಂಗಳಲ್ಲಿ, ಬಹುಕಾಲ ಉಳಿಯುವ ವಿಷಕಾರಿ ರಾಸಾಯನಿಕಗಳನ್ನು ನಿಲ್ಲಿಸಲು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕ್ಲೋರ್‌ಪೈರಿಫಾಸ್ ಅನ್ನು ಕೆಲವು ವಿನಾಯಿತಿ ಇಟ್ಟುಕೊಂಡು ನಿಲ್ಲಿಸಬೇಕಾದ ಪಟ್ಟಿಗೆ ಸೇರಿಸಿದವು. ಬರಿಗೈಯಲ್ಲಿ ಕಲಸಿ, ಅದೇ ಕೈಯಲ್ಲಿ ಕವಳ (ಎಲೆ ಅಡಿಕೆ) ಹಾಕುವ ನಮ್ಮ ತೋಟದ ಆಳುಗಳ ರಕ್ತದಲ್ಲಿ ಆ ಕಿಣ್ವ ಎಷ್ಟಿದೆ ಎಂದು ನೋಡುವುದು ಕಷ್ಟವಲ್ಲ. ಕೋಲಿನ್‌ಎಸ್ಟರೇಸ್ ಪರೀಕ್ಷೆ ಎಂಬುದು ಅದಕ್ಕೇ ಇದೆ. ಕೂಲಿ ಕೊಡುವ ನಾವು ಮಾಡಿಸುವುದಿಲ್ಲ, ಅಷ್ಟೇ.

ಕವಳ ಹಾಕಿದರೆ ತಲೆ ಓಡುತ್ತದೆಯೇ?

ಓಡಿದಂತೆ ಅನ್ನಿಸುತ್ತದೆ, ಅದು ಸುಳ್ಳಲ್ಲ. ಅಡಿಕೆಯಲ್ಲಿರುವ ಅರಿಕೊಲಿನ್ ಅಸಿಟೈಲ್‌ಕೋಲಿನ್‌ನ ವೇಷ ಹಾಕಿಕೊಂಡು ಅದೇ ರಿಸೆಪ್ಟರುಗಳ ಮೇಲೆ ಕೂರುತ್ತದೆ. ಬಾಯಲ್ಲಿ ನೀರೂರುವುದು, ಮೈ ಬೆಚ್ಚಗಾಗುವುದು, ಒಂದು ಬಗೆಯ ಚುರುಕು ಬರುವುದು ಇದರಿಂದ. ಹೊಗೆಸೊಪ್ಪು ಸೇರಿಸಿದರೆ ನಿಕೋಟಿನ್ ಇದೇ ರಾಸಾಯನಿಕದ ಇನ್ನೊಂದು ಬಗೆಯ ರಿಸೆಪ್ಟರನ್ನು ತಟ್ಟುತ್ತದೆ. ಆಲ್ಜೈಮರ್ ಇರುವವರಿಗೆ ಅರಿಕೊಲಿನ್ ಅನ್ನು ಸೂಜಿಯಲ್ಲಿ ಕೊಟ್ಟು ನೋಡಿದ್ದಾರೆ. ಪ್ರಯೋಜನ ಸಣ್ಣದು, ಅದೂ ಸ್ವಲ್ಪ ಹೊತ್ತು ಮಾತ್ರ. ಅಡ್ಡ ಪರಿಣಾಮ ಜಾಸ್ತಿ.

ಆದರೆ ಆ ದಾರಿ ಅಲ್ಲಿಗೇ ಮುಚ್ಚಲಿಲ್ಲ. ಅರಿಕೊಲಿನ್‌ನ ರಚನೆಯನ್ನೇ ತಿದ್ದಿ 1990ರ ದಶಕದಲ್ಲಿ ಕ್ಸನೊಮೆಲಿನ್ ಎಂಬ ಔಷಧಿ ಮಾಡಿದರು. ಮೆದುಳಿಗೆ ಹೋದಾಗ ಒಳ್ಳೆಯ ಕೆಲಸ ಮಾಡುತ್ತಿತ್ತು, ಹೊಟ್ಟೆಯನ್ನು ಮಾತ್ರ ಕೆಡಿಸುತ್ತಿತ್ತು. ಎಷ್ಟೋ ವರ್ಷದ ಮೇಲೆ ಅದರ ಜೊತೆಗೆ, ಮೆದುಳಿಗೆ ಅಷ್ಟಾಗಿ ಹೋಗದೆ ಮೈಯಲ್ಲಷ್ಟೇ ತಡೆ ಹಾಕುವ ಟ್ರೋಸ್ಪಿಯಂ ಸೇರಿಸಿದರು. ಈ ಜೋಡಿಗೆ 2024ರ ಸೆಪ್ಟೆಂಬರಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ಮನೋರೋಗದ ಚಿಕಿತ್ಸೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ತೋಟದ ಕಾಯಿಯ ಒಂದು ಅಣುವಿನಿಂದ ಶುರುವಾದ ಹುಡುಕಾಟ ಅಷ್ಟು ದೂರ ಹೋಗಿದೆ ಎಂದು ತಿಳಿದು ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಹೆಮ್ಮೆ ಪಡಬೇಕಾದದ್ದು ಅಷ್ಟಕ್ಕೇ. ಅದನ್ನು ಹಿಡಿದುಕೊಂಡು ಅಡಿಕೆ ಜಗಿದರೆ ನೆನಪು ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದೆಯೂ, ಮನುಷ್ಯನಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಬಿಗಿದು ತೆರೆಯಲಾಗದ ಕಾಯಿಲೆಯೂ ಇದರಿಂದ ಬರುತ್ತದೆ. ಅಡಿಕೆಯಿಂದಲೇ ಓದು, ಮದುವೆ, ಮನೆ ಎಲ್ಲ ನಡೆದ ಕುಟುಂಬದವನು ನಾನು. ಬೆಲೆ ಬಿದ್ದರೆ ನಮ್ಮಲ್ಲಿ ಏನಾಗುತ್ತದೆ ಎಂದು ಚೆನ್ನಾಗಿ ಬಲ್ಲೆ. ಹಾಗಂತ ಸತ್ಯವನ್ನು ಅರ್ಧ ಹೇಳಲಿಕ್ಕೆ ಆಗುವುದಿಲ್ಲ.

ಒಂದೆಲಗದ ತಂಬುಳಿ ಬಗ್ಗೆಯೂ ಕೇಳುತ್ತಾರೆ. ಬೇಸಿಗೆಯ ಮಧ್ಯಾಹ್ನಕ್ಕೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ತಿನ್ನಿ. ನೆನಪಿನ ಶಕ್ತಿ ಹೆಚ್ಚಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಮೊಟ್ಟೆ, ಸೋಯಾದಲ್ಲಿ ಇರುವ ಕೋಲಿನ್‌ನಿಂದಲೇ ದೇಹ ಅಸಿಟೈಲ್‌ಕೋಲಿನ್ ಮಾಡಿಕೊಳ್ಳುತ್ತದೆ ನಿಜ. ಆದರೆ ಅದನ್ನು ಹೆಚ್ಚು ಹೆಚ್ಚು ಕೊಟ್ಟು ಮರೆವಿನ ಕಾಯಿಲೆ ವಾಸಿ ಮಾಡುವ ಪ್ರಯತ್ನಗಳು ಫಲ ಕೊಡಲಿಲ್ಲ.

ಚೀಲ ಹಿಡಿದು ಹೋಗಿ

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ಇರುವುದು ಇಬ್ಬರು ವಯಸ್ಸಾದವರು ಮತ್ತು ಒಂದು ನಾಯಿ. ಮಕ್ಕಳು ಬೆಂಗಳೂರಿನಲ್ಲಿ. ಫೋನಿನಲ್ಲಿ "ಮಾತ್ರೆ ತಗೊಂಡ್ರಾ?" ಎಂದು ದಿನಾ ಕೇಳುತ್ತಾರೆ. ಯಾವ ಮಾತ್ರೆ ಎಂದು ಕೇಳುವವರು ಕಡಿಮೆ. ಮೊಣಕಾಲಿಗೆ ಒಂದು ಊರು, ಶುಗರಿಗೆ ಇನ್ನೊಂದು ಊರು, ಮೂತ್ರದ ತೊಂದರೆಗೆ ಮತ್ತೊಂದು. ಹೊಸ ಮಾತ್ರೆ ಸೇರುತ್ತ ಹೋಗುತ್ತದೆ, ಹಳೆಯದನ್ನು ನಿಲ್ಲಿಸಿ ಎಂದು ಹೇಳುವವರಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಎಷ್ಟು ಬೇಗ ಬದಲಾದರು ಎನ್ನುವುದನ್ನು. ಆಲ್ಜೈಮರ್ ಮೆಲ್ಲಗೆ, ವರ್ಷಗಟ್ಟಲೆ ತೆಗೆದುಕೊಂಡು ಬರುತ್ತದೆ. ವಾರದಲ್ಲಿ, ತಿಂಗಳಲ್ಲಿ ತಲೆ ಮಂಕಾದರೆ ಅದರ ಹಿಂದೆ ಬೇರೆ ಏನೋ ಇರುವ ಸಾಧ್ಯತೆ ಜಾಸ್ತಿ. ಅದು ಮಾತ್ರೆ ಇರಬಹುದು, ಮೂತ್ರದ ಸೋಂಕು ಇರಬಹುದು, ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇರಬಹುದು. ಕಿವಿ ಮಂದವಾಗಿ ಮಾತೇ ಕೇಳಿಸದೆಯೂ ಇರಬಹುದು. ಬಾಯಿ ಒಣಗುವುದು, ಮಲ ಕಟ್ಟುವುದು, ಕಣ್ಣು ಮಂಜಾಗುವುದು ಮರೆವಿನ ಜೊತೆಗೇ ಶುರುವಾಗಿದ್ದರೆ ಮಾತ್ರೆಯ ಮೇಲೆ ಅನುಮಾನ ಇನ್ನೂ ಗಟ್ಟಿ.

ಚೀಲವನ್ನು ಪೂರ್ತಿ ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ. ಅಂಗಡಿಯಿಂದ ತಂದದ್ದು, ನೆಂಟರು ಕೊಟ್ಟದ್ದು, ಕಷಾಯದ ಪುಡಿ ಎಲ್ಲವೂ ಅದರಲ್ಲಿರಲಿ. "ಇದರಲ್ಲಿ ನೆನಪಿಗೆ ತೊಂದರೆ ಮಾಡುವಂಥದ್ದು ಯಾವುದಾದರೂ ಇದೆಯಾ?" ಎಂದು ಬಾಯಿಬಿಟ್ಟು ಕೇಳಿ. ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಬೇಡಿ. ಕೆಲವನ್ನು ಥಟ್ಟನೆ ಬಿಟ್ಟರೆ ಬೇರೆ ತೊಂದರೆ ಆಗುತ್ತದೆ, ನಿಧಾನ ಇಳಿಸಬೇಕು. ಕೆಲವು ಬೇಕೇ ಬೇಕು. ಕರ್ನಾಟಕ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಅದರ ಕ್ಲಿನಿಕ್ ಇರಬೇಕೆನ್ನುವುದು ಅದರ ಉದ್ದೇಶ. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ದೊಡ್ಡಪ್ಪನದ್ದು ಹೇಳಿ ನಿಲ್ಲಿಸುತ್ತೇನೆ. ಅಕ್ಕ ಅವರನ್ನು ಚೀಲದ ಸಮೇತ ಕರೆದುಕೊಂಡು ಹೋದಳು. ಡಾಕ್ಟರು ಶೀತದ ಮಾತ್ರೆ ನಿಲ್ಲಿಸಿದರು, ಮೂತ್ರದ್ದನ್ನು ಬದಲಿಸಿದರು, ಉರಿಯ ಮಾತ್ರೆಯನ್ನು ಹಂತ ಹಂತವಾಗಿ ಇಳಿಸಿದರು. ಒಂದು ತಿಂಗಳು ಏನೂ ಗೊತ್ತಾಗಲಿಲ್ಲ. ಆಮೇಲೆ ಸಂಜೆಯ ಮಂಕು ಕಡಿಮೆಯಾಯಿತು. ಕೊನೆ ಕೊಯ್ಲಿನ ಹೊತ್ತಿಗೆ ಆಳುಗಳ ಲೆಕ್ಕದ ಪುಸ್ತಕ ಮತ್ತೆ ಅವರ ಕೈಗೆ ಬಂತು. ಎರಡು ಕಡೆ ತಪ್ಪಿತ್ತು, ಅಕ್ಕ ತಿದ್ದಿದಳು. ಹಳೆಯ ದೊಡ್ಡಪ್ಪ ಪೂರ್ತಿ ವಾಪಸು ಬಂದಿಲ್ಲ. ಸಣ್ಣ ಮರೆವು ಇದೆ, ಅದು ಹೆಚ್ಚುತ್ತದೆಯೋ ಹೀಗೇ ಇರುತ್ತದೆಯೋ ನೋಡಬೇಕು. ಆರು ತಿಂಗಳಿಗೊಮ್ಮೆ ನೆನಪಿನ ಪರೀಕ್ಷೆಗೆ ಬನ್ನಿ ಎಂದಿದ್ದಾರೆ. ಮುಂದಿನ ತಾರೀಖನ್ನು ದೊಡ್ಡಪ್ಪನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.